ಮಡಿಕೇರಿಯಲ್ಲಿ ರಾಷ್ಟ್ರಪತಿ ಚುನಾವಣೆಯ ಪಾಠ: ಒಂದು ವಿಶೇಷ ತರಗತಿಯ ವಿಮರ್ಶೆ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗಾಗಿ ಮಡಿಕೇರಿಯ ತರಬೇತಿ ಕೇಂದ್ರವೊಂದು ವಾರಾಂತ್ಯಗಳಲ್ಲಿ ರಾಷ್ಟ್ರಪತಿಗಳ ಚರಿತ್ರೆ, ಚುನಾವಣೆ ಮತ್ತು ನಾಯಕತ್ವವನ್ನು ಕುರಿತು ವಿಶೇಷ ತರಗತಿಯೊಂದನ್ನು ನಡೆಸಿತು. ನನ್ನ ಹಳೆಯ ವಿದ್ಯಾರ್ಥಿಗಳ ಜೊತೆಗೆ ನಾನೂ ಅದಕ್ಕೆ ಹೆಸರು ನೋಂದಾಯಿಸಿದ್ದೆ. ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸುವ ನನಗೆ ವಿಷಯ ಹೊಸದಲ್ಲ. ಆದರೆ ಕೊಡಗಿನ ಮಕ್ಕಳು ಇಂಥ ತರಬೇತಿಗೆಂದು ಮೈಸೂರಿಗೋ ಬೆಂಗಳೂರಿಗೋ ಹೋಗಿ, ಪಿ.ಜಿ.ಗಳಲ್ಲಿ ಉಳಿದು ಓದುವುದೇ ವಾಡಿಕೆಯಾಗಿರುವಾಗ, ಊರಿನಲ್ಲೇ ಸಿಗುವ ಪಾಠ ಎಷ್ಟು ಗಟ್ಟಿಯಾಗಿದೆ ಎಂದು ಕಣ್ಣಾರೆ ನೋಡಬೇಕೆನಿಸಿತು. ಚುನಾವಣೆಯ ಭಾಗವನ್ನು ಅವರು ಕಲಿಸಿದ ಬಗೆ ನಾನು ಕಂಡ ಪಾಠಗಳಲ್ಲೇ ಉತ್ತಮವಾದದ್ದು. ನಾಯಕತ್ವದ ಭಾಗಕ್ಕೆ ಮಾತ್ರ ಅಷ್ಟೇ ಶ್ರದ್ಧೆ ಸಿಕ್ಕಿಲ್ಲ.

ಸಾಮಾನ್ಯವಾಗಿ ಈ ಪಾಠ ರಾಜೇಂದ್ರ ಪ್ರಸಾದರಿಂದ ದ್ರೌಪದಿ ಮುರ್ಮು ಅವರವರೆಗಿನ ಹೆಸರುಗಳನ್ನು ಬಾಯಿಪಾಠ ಮಾಡಿಸುವುದರಲ್ಲೇ ಮುಗಿದುಹೋಗುತ್ತದೆ. ಇಲ್ಲಿ ಮೊದಲ ದಿನವೇ ಎಲ್ಲರ ಕೈಗೂ ಮತಪತ್ರ ಬಂತು. ಸಂಸದರ ಪಾತ್ರ ವಹಿಸಿದವರಿಗೆ ಹಸಿರು ಹಾಳೆ, ಶಾಸಕರ ಪಾತ್ರದವರಿಗೆ ಗುಲಾಬಿ ಹಾಳೆ, ಗುರುತು ಹಾಕಲು ನೇರಳೆ ಶಾಯಿಯ ಒಂದೇ ಪೆನ್ನು: ನಿಜವಾದ ಚುನಾವಣೆಯಲ್ಲಿ ಇರುವ ಕ್ರಮವೇ ಇದು. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ನನ್ನ ಪಕ್ಕದಲ್ಲಿದ್ದ ಹುಡುಗ ರೂಢಿಯಂತೆ ಟಿಕ್ ಹಾಕಿ ಮಡಚಿ ಕೊಟ್ಟ. ಎಣಿಕೆಯ ಹೊತ್ತಿಗೆ ಅದು ಅಸಿಂಧುವಾಯಿತು. ಇನ್ನೊಬ್ಬಳು 2 ಮತ್ತು 3 ಬರೆದು 1 ಬರೆಯುವುದನ್ನೇ ಬಿಟ್ಟಿದ್ದಳು; ಅದೂ ಹೋಯಿತು. ಏಕ ವರ್ಗಾವಣೀಯ ಮತದ, ಅಂದರೆ ಮೊದಲ ಆಯ್ಕೆಯ ಅಭ್ಯರ್ಥಿ ಹೊರಬಿದ್ದರೆ ಮತ ಮುಂದಿನ ಪ್ರಾಶಸ್ತ್ಯದವರಿಗೆ ಹೋಗುವ ನಿಯಮವನ್ನು ನಾನು ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ, ಆದರೆ ತರಗತಿಯೊಂದಕ್ಕೆ ಅದು ಇಷ್ಟು ಬೇಗ ಮನದಟ್ಟಾದುದನ್ನು ಕಂಡಿರಲಿಲ್ಲ.

ಶಾಸಕರೊಬ್ಬರ ಮತಕ್ಕೆ ಎಷ್ಟು ತೂಕ ಎಂಬ ಮತಮೌಲ್ಯದ ಲೆಕ್ಕವನ್ನು ನಮ್ಮ ಜಿಲ್ಲೆಯಿಂದಲೇ ಆರಂಭಿಸಿದ್ದು ಉಪನ್ಯಾಸಕರ ಜಾಣ್ಮೆ. ರಾಜ್ಯದ 1971ರ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ 1,000ದಿಂದ ಭಾಗಿಸಬೇಕು. ಆಗಿನ ಕರ್ನಾಟಕದ ಜನಸಂಖ್ಯೆ 2,92,99,014, ಶಾಸಕರು 224, ಒಬ್ಬರ ಮತದ ಮೌಲ್ಯ 131. ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಇಬ್ಬರು ಶಾಸಕರ ಮತಗಳು ಸೇರಿದರೆ ಕೊಡಗಿನ ಪಾಲು 262. "ಸರ್, ಉತ್ತರ ಪ್ರದೇಶದವರಿಗೆ 208, ಸಿಕ್ಕಿಂನವರಿಗೆ 7 ಮಾತ್ರ. ಇದು ನ್ಯಾಯವೇ?" ಎಂದು ಪೊನ್ನಂಪೇಟೆಯ ಹುಡುಗಿಯೊಬ್ಬಳು ಕೇಳಿದಳು. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂದು 1971ರ ಅಂಕಿಯನ್ನೇ ಉಳಿಸಿಕೊಂಡ ಹಿನ್ನೆಲೆಯನ್ನೂ, 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಬಂದಾಗ ಈ ಲೆಕ್ಕ ಬದಲಾಗಬೇಕಾಗುತ್ತದೆ ಎಂಬುದನ್ನೂ ಅವರು ಆತುರವಿಲ್ಲದೆ ವಿವರಿಸಿದರು. ಇಲ್ಲೇ ಇನ್ನೊಂದು ವಿಷಯವನ್ನು ಸೇರಿಸಬಹುದಿತ್ತು. ರಾಜೇಂದ್ರ ಪ್ರಸಾದರು ಕೆ.ಟಿ. ಶಾ ಅವರನ್ನು ಸೋಲಿಸಿದ 1952ರಲ್ಲಿ ಕೊಡಗು ಯಾವ ಜಿಲ್ಲೆಯೂ ಆಗಿರಲಿಲ್ಲ. 24 ಸದಸ್ಯರ ವಿಧಾನಸಭೆ ಇದ್ದ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದ ಪ್ರತ್ಯೇಕ ರಾಜ್ಯವಾಗಿತ್ತು. ಈ ಮಣ್ಣಿನ ಮಕ್ಕಳಿಗೆ ಅದನ್ನು ಹೇಳದೆ ಮುಂದೆ ಹೋದದ್ದು ನನಗೆ ಕೊರತೆಯಾಗಿ ಕಂಡಿತು.

ಇಡೀ ತರಗತಿಯ ತಿರುಳು 1969ರ ಚುನಾವಣೆ. ಮೇ 3ರಂದು ಜಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ನಿಧನರಾದ ಮೇಲೆ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿಯಾಗಿ ನೀಲಂ ಸಂಜೀವ ರೆಡ್ಡಿ, ಪಕ್ಷೇತರರಾಗಿ ವಿ.ವಿ. ಗಿರಿ, ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲದಿಂದ ಸಿ.ಡಿ. ದೇಶಮುಖ್ ಕಣದಲ್ಲಿದ್ದರು. ಪ್ರಧಾನಿ ಇಂದಿರಾ ಗಾಂಧಿಯವರು ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಗಿರಿಯವರತ್ತ ಒಲಿದು, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಕರೆಕೊಟ್ಟರೆ, ಪಕ್ಷದ ಅಧ್ಯಕ್ಷರಾಗಿದ್ದ ನಮ್ಮ ಎಸ್. ನಿಜಲಿಂಗಪ್ಪ ದೇಶಮುಖ್ ಪಾಳಯದ ಎರಡನೇ ಪ್ರಾಶಸ್ತ್ಯದ ಮತಗಳು ರೆಡ್ಡಿಯವರಿಗೆ ಸಿಗಲೆಂದು ಪ್ರಯತ್ನಿಸುತ್ತಿದ್ದರು. ಉಪನ್ಯಾಸಕರು ಅಂಕಿಗಳನ್ನು ಬರೆದು, ಫಲಿತಾಂಶ ಹೇಳದೆ, ಗುಂಪುಗಳಿಗೆ ಎಣಿಕೆ ಒಪ್ಪಿಸಿದರು. ಸಿಂಧು ಮತಗಳ ಮೌಲ್ಯ 8,36,337. ಗೆಲ್ಲಲು ಬೇಕಾದ ಕೋಟಾ 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್ ಅವರಿಗೆ 1,12,769. ಗಿರಿಯವರಿಗೆ ಇನ್ನೂ 16,654 ಬೇಕು. ಕೊನೆಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ತೆಗೆದು, ಅವರ ಹಾಳೆಗಳಲ್ಲಿನ ಮುಂದಿನ ಪ್ರಾಶಸ್ತ್ಯವನ್ನು ವರ್ಗಾಯಿಸುತ್ತಾ ಹೋದಂತೆ ದೇಶಮುಖ್ ಅವರ ಮತಗಳ ಬಹುಪಾಲು ರೆಡ್ಡಿಯವರ ಕಟ್ಟಿಗೆ ಸೇರಿತು. ನಮ್ಮ ಗುಂಪಿನವರೆಲ್ಲ ರೆಡ್ಡಿಯವರೇ ಗೆದ್ದರೆಂದು ಭಾವಿಸಿದರು. ಅಂತಿಮವಾಗಿ ಗಿರಿ 4,20,077, ರೆಡ್ಡಿ 4,05,427. ಮೊದಲ ಪ್ರಾಶಸ್ತ್ಯದಲ್ಲಿ ಇತ್ಯರ್ಥವಾಗದೆ ಮುಂದಿನ ಪ್ರಾಶಸ್ತ್ಯಗಳ ಎಣಿಕೆಗೆ ಹೋದ ರಾಷ್ಟ್ರಪತಿ ಚುನಾವಣೆ ಇದೊಂದೇ. ಅದೇ ನವೆಂಬರ್‌ನಲ್ಲಿ ಇಂದಿರಾ ಅವರ ಉಚ್ಚಾಟನೆಯಾಗಿ ಕಾಂಗ್ರೆಸ್ ಒಡೆದುದಕ್ಕೂ ಈ ಎಣಿಕೆಗೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳು ತಾವಾಗಿಯೇ ಹೇಳಿದರು. ಅಂದಿನ ಶುಲ್ಕ ಅಂದೇ ಸಾರ್ಥಕವಾಯಿತು.

ನಾಯಕತ್ವದ ಪಾಠವನ್ನು ಬೇರೊಬ್ಬರು ತೆಗೆದುಕೊಂಡರು. ರಾಷ್ಟ್ರಪತಿ ಎಂದರೆ ರಬ್ಬರ್ ಸ್ಟಾಂಪ್ ಎಂಬ ಹಳೆಯ ಮಾತನ್ನೇ ಹಿಡಿದು, ಉಳಿದದ್ದನ್ನು ಬಿಡಿ ಸಂಗತಿಗಳಲ್ಲಿ ಮುಗಿಸಿದರು. ಇದನ್ನು ನಾನು ಖಂಡಿತ ಒಪ್ಪಲಾರೆ. 1975ರ ಜೂನ್ 25ರ ರಾತ್ರಿ, ಸಂಪುಟ ಸಭೆ ಸೇರುವ ಮೊದಲೇ, ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಂಪುಟದ ಲಿಖಿತ ಸಲಹೆ ಇಲ್ಲದೆ ಹಾಗೆ ಮಾಡುವಂತಿಲ್ಲ ಎಂಬ ನಿಯಮ 44ನೇ ತಿದ್ದುಪಡಿಯಿಂದ ಬಂದುದು ಆ ಒಂದು ಸಹಿಯ ಕಾರಣಕ್ಕೆ. ಜನರ ಪತ್ರಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಅಂಚೆ ಮಸೂದೆಗೆ ಜೈಲ್ ಸಿಂಗ್ ಅಂಕಿತ ಹಾಕದೆ ತಮ್ಮಲ್ಲೇ ಉಳಿಸಿಕೊಂಡರು. ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಕೆ.ಆರ್. ನಾರಾಯಣನ್ 1997ರಲ್ಲಿ ಮರುಪರಿಶೀಲನೆಗೆ ಹಿಂತಿರುಗಿಸಿದಾಗ ಸಂಪುಟ ಅದನ್ನು ಕೈಬಿಟ್ಟಿತು. ಕೆಲವು ಸರ್ಕಾರಿ ಹುದ್ದೆಗಳಲ್ಲಿದ್ದರೂ ಸಂಸದರು ಸದಸ್ಯತ್ವ ಕಳೆದುಕೊಳ್ಳದಂತೆ ವಿನಾಯಿತಿ ಕೊಡುವ ಲಾಭದ ಹುದ್ದೆ ಮಸೂದೆಯನ್ನು ಅಬ್ದುಲ್ ಕಲಾಂ 2006ರಲ್ಲಿ ಹಿಂದಕ್ಕೆ ಕಳುಹಿಸಿದರು, ಸಂಸತ್ತು ಮತ್ತೆ ಅಂಗೀಕರಿಸಿದ ಮೇಲೆ ಸಹಿ ಹಾಕಿದರು. ಸಹಿ ಹಾಕುವುದು, ತಡೆಯುವುದು, ಹಿಂತಿರುಗಿಸುವುದು: ಈ ಹುದ್ದೆಯ ನಾಯಕತ್ವ ಇರುವುದೇ ಈ ಮೂರರ ನಡುವಿನ ವಿವೇಚನೆಯಲ್ಲಿ. ಪರೀಕ್ಷೆಗೆ ಓದುವವರು ಇದನ್ನು ತಪ್ಪಿಸಿಕೊಂಡರೆ ಸಂಪುಟದ ಸಲಹೆಯನ್ನು ಕುರಿತ 74, ಮಸೂದೆಗಳ ಅಂಕಿತವನ್ನು ಕುರಿತ 111 ಎಂಬ ಸಂವಿಧಾನದ ವಿಧಿಗಳು ಬರೀ ಅಂಕಿಗಳಾಗಿ ಉಳಿಯುತ್ತವೆ.

ಹಂಗಾಮಿ ರಾಷ್ಟ್ರಪತಿಗಳನ್ನು ಕೈಬಿಟ್ಟದ್ದು ಇನ್ನೂ ದೊಡ್ಡ ಲೋಪ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಆ ಸ್ಥಾನದಲ್ಲಿದ್ದರು. ಕೇಂದ್ರದ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ಪ್ರಮಾಣವಚನ ಬೋಧಿಸಿದವರು ಅವರು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಸಲಹೆ ಬಂದಾಗ ಕೂಡಲೇ ಸಹಿ ಹಾಕದೆ ಹಿಂಜರಿದು, ಆಮೇಲೆ ಒಪ್ಪಿದರು. ಕನ್ನಡ ನಾಡಿನವರೊಬ್ಬರು ಆ ಸ್ಥಾನದಲ್ಲಿದ್ದು ಎದುರಿಸಿದ ಇಕ್ಕಟ್ಟನ್ನು ಕನ್ನಡದಲ್ಲೇ ನಡೆಯುವ ತರಗತಿಯೊಂದು ಹೇಳದಿದ್ದರೆ ಮತ್ತೆ ಯಾರು ಹೇಳಬೇಕು? 1986ರಲ್ಲಿ ನಮ್ಮ ಕಾರ್ಯಪ್ಪನವರಿಗೆ ರಾಷ್ಟ್ರಪತಿ ಭವನದಲ್ಲಿ ಫೀಲ್ಡ್ ಮಾರ್ಷಲ್ ದಂಡ ನೀಡಿದವರು ಜೈಲ್ ಸಿಂಗ್, 2021ರ ಫೆಬ್ರವರಿ 6ರಂದು ಮಡಿಕೇರಿಯ ಸನ್ನಿ ಸೈಡ್‌ನಲ್ಲಿ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದವರು ರಾಮನಾಥ ಕೋವಿಂದ್. ಸೇನೆಯ ಮಹಾದಂಡನಾಯಕ ರಾಷ್ಟ್ರಪತಿ ಎಂಬುದನ್ನು ಕಲಿಸಲು ಕೊಡಗಿನಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಅಮೆರಿಕದ ಅಧ್ಯಕ್ಷರಿಗೆ ಮೀಸಲಾದ ಅವಧಿ ಅವಸರದ್ದಾಗಿತ್ತು. ಅಧ್ಯಕ್ಷರನ್ನು ಆರಿಸುವ 538 ಮತದಾರರ ಮಂಡಳಿ, 2000ದಲ್ಲಿ ಹೆಚ್ಚು ಜನಮತ ಪಡೆದೂ ಅಲ್ ಗೋರ್ ಸೋತದ್ದು, ರೂಸ್‌ವೆಲ್ಟ್ ನಾಲ್ಕು ಬಾರಿ ಗೆದ್ದ ಮೇಲೆ ಬಂದ ಎರಡು ಅವಧಿಯ ಮಿತಿ, ಇಷ್ಟನ್ನು ಹೇಳಿ ನಿಲ್ಲಿಸಿದರು. ಪ್ರಾಥಮಿಕ ಪರೀಕ್ಷೆಗೆ ಇದು ಸಾಕು, ಪ್ರಬಂಧ ಬರೆಯಲು ಸಾಲದು.

ಟಿಪ್ಪಣಿಗಳನ್ನು ಶುದ್ಧ ಕನ್ನಡದಲ್ಲಿ, ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತಾರೆ. ಶುಲ್ಕವೂ ಮೈಸೂರಿನ ಕೇಂದ್ರಗಳಿಗಿಂತ ಕಡಿಮೆ. ಕೆ.ಎ.ಎಸ್. ಓದುವವರು, ಪದವಿ ವಿದ್ಯಾರ್ಥಿಗಳು, ನನ್ನಂತೆ ಪಾಠ ಮಾಡುವವರು ಚುನಾವಣೆಯ ಭಾಗಕ್ಕಾಗಿಯೇ ಸೇರಬಹುದು. ನಾಯಕತ್ವದ ಭಾಗವನ್ನು ಮನೆಯಲ್ಲಿ ಬೇರೆಯಾಗಿ ಓದಿಕೊಳ್ಳುವುದು ಅಗತ್ಯ. ತರಗತಿ ಮುಗಿಯುವುದು ಸಂಜೆ ತಡವಾಗಿ. ನಾಪೋಕ್ಲು, ಭಾಗಮಂಡಲದ ಕಡೆಯ ಮಕ್ಕಳು ಬಸ್ಸಿಗಾಗಿ ಕೊನೆಯ ಅರ್ಧ ಗಂಟೆಯ ಪಾಠವನ್ನು ಬಿಟ್ಟು ಏಳುತ್ತಿದ್ದರು. ಮುಂದಿನ ತಂಡವನ್ನು ಮಳೆಗಾಲ ಕಳೆದ ಮೇಲೆ ಆರಂಭಿಸಿ, ಬೆಳಿಗ್ಗೆಯ ಹೊತ್ತಿಗೆ ಬದಲಿಸಬೇಕೆಂದು ಸಂಘಟಕರಿಗೆ ಬರೆದು ಕೊಟ್ಟಿದ್ದೇನೆ.