ಡಬ್ಬಿ ಮೇಲೆ 1200, ಕೈಗೆ ಬಂದದ್ದು 94

ಹೋದ ವರ್ಷ ನಮ್ಮನೆ ಫೈಬರ್ ಪ್ಲಾನನ್ನು 100ರಿಂದ 500 ಎಂಬಿಪಿಎಸ್‌ಗೆ ಏರಿಸಿದೆ. ಕಂಪನಿಯ ಹುಡುಗ ಬಂದ, ಮೊಬೈಲಲ್ಲಿ ಏನೋ ಒತ್ತಿದ, "ಆಯ್ತು ಸಾರ್, ಚೆಕ್ ಮಾಡ್ಕೊಳ್ಳಿ" ಅಂದು ಹೊರಟ. ಚೆಕ್ ಮಾಡಿದರೆ 94. ಮರುದಿನ ಬೆಳಿಗ್ಗೆ 94, ರಾತ್ರಿ 94. ವೇಗ ಏರಿಳಿದರೆ ಲೈನಿನ ಮೇಲೆ ಅನುಮಾನ ಪಡಬಹುದು. ಆದರೆ ಮೂರು ಹೊತ್ತೂ ಒಂದೇ ಅಂಕಿ ಅಂದರೆ ದಾರಿಯಲ್ಲಿ ಯಾವುದೋ ಬಾಗಿಲು ಚಿಕ್ಕದಿದೆ ಅಂತಲೇ ಅರ್ಥ.

ಆ ಬಾಗಿಲು ನಮ್ಮ ಟಿವಿ ಶೋಕೇಸಿನ ಮೇಲೆ ಕೂತಿತ್ತು. ಭಾಮೈದ ಕೊಟ್ಟಿದ್ದ ಟಿಪಿ-ಲಿಂಕ್ ಆರ್ಚರ್ ಸಿ50 ರೂಟರ್, ಅಂದರೆ ಲೈನಿನಲ್ಲಿ ಬಂದದ್ದನ್ನು ವೈಫೈ ಮಾಡಿ ಮನೆಗೆಲ್ಲ ಹಂಚುವ ಪೆಟ್ಟಿಗೆ. "ಭಾವ, ಇದು ಎಸಿ 1200 ಅಂತೆ. ನಿಮ್ಮ ಐನೂರಕ್ಕೆ ಧಾರಾಳವಾಯ್ತು" ಅಂದಿದ್ದ. ನಾನೂ ತಲೆ ಆಡಿಸಿದ್ದೆ. 1200ರಲ್ಲಿ 500 ಹಿಡಿಸುತ್ತೆ, ಅಲ್ವಾ?

ಹಿಡಿಸಲ್ಲ. 1200 ಅನ್ನುವುದು ಒಂದು ಕೂಡಿಸಿದ ಲೆಕ್ಕ. ರೂಟರ್ ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ಬೇರೆ ರೇಡಿಯೋ ಅಲೆಗಳ ಪಟ್ಟಿಯಲ್ಲಿ, ಮಾತಾಡುತ್ತೆ. 2.4 ಗಿಗಾಹರ್ಟ್ಸ್ ಬ್ಯಾಂಡಿನ 300, 5 ಗಿಗಾಹರ್ಟ್ಸ್ ಬ್ಯಾಂಡಿನ 867, ಎರಡನ್ನೂ ಸೇರಿಸಿ 1200ಕ್ಕೆ ರೌಂಡ್ ಮಾಡಿದ್ದಾರೆ. ಒಂದು ಫೋನು ಒಂದು ಹೊತ್ತಿಗೆ ಒಂದೇ ಬ್ಯಾಂಡಿನಲ್ಲಿ ಇರುತ್ತೆ. ಆ 867 ಕೂಡ ಗಾಳಿಯಲ್ಲಿ ನಡೆಯುವ ಮಾತುಕತೆಯ ವೇಗ. ಅದರಲ್ಲಿ ಸುಮಾರು ಅರುವತ್ತು ಪರ್ಸೆಂಟ್ ನಮ್ಮ ಡೌನ್‌ಲೋಡಿಗೆ ಸಿಕ್ಕಿದರೆ ಪುಣ್ಯ. ಇದೆಲ್ಲಕ್ಕಿಂತ ಮುಖ್ಯವಾದ ಮಾತು ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ಪೋರ್ಟುಗಳು 10/100. ಅಂದರೆ ಫೈಬರ್ ಬಾಕ್ಸಿನಿಂದ ಬರುವ ಕೇಬಲ್ ಚುಚ್ಚುವ ಜಾಗದ ಮಿತಿಯೇ 100. ಡೇಟಾ ಓಡಾಡುವುದು ಪ್ಯಾಕೆಟ್ಟು ಅನ್ನುವ ಪುಟ್ಟ ಪೊಟ್ಟಣಗಳಲ್ಲಿ; ಅವುಗಳ ಮೇಲಿನ ವಿಳಾಸದ ತಲೆಬರಹ ಕಳೆದರೆ ಉಳಿಯುವುದು 94. ಇದನ್ನು ರೂಟರಿನ ತಪ್ಪು ಅನ್ನುವ ಹಾಗಿಲ್ಲ. ಅವರು ಬರೆದೇ ಇದ್ದರು, ಓದದೇ ಇದ್ದವನು ನಾನು.

ಆಮೇಲೆ ಮೂರು ರೂಟರ್ ಒಂದಾದ ಮೇಲೊಂದು ಇಟ್ಟು ನೋಡಿದೆ. ಟಿಪಿ-ಲಿಂಕ್ ಆರ್ಚರ್ ಸಿ6 ಮತ್ತು ಆರ್ಚರ್ ಎಎಕ್ಸ್23 ದುಡ್ಡು ಕೊಟ್ಟು ತಂದವು. ಆಸುಸ್ ಆರ್‌ಟಿ-ಎಎಕ್ಸ್55 ಮಾತ್ರ ಆಫೀಸಿನ ಗೆಳೆಯರೊಬ್ಬರದು, ಹತ್ತು ದಿನಕ್ಕೆ ಕೇಳಿ ತಂದದ್ದು. ಮನೆ ಮೈಸೂರಿನಲ್ಲಿ, 30-40 ಸೈಟು, ಕೆಳಗೆ ಮೇಲೆ ಎರಡು ಮಹಡಿ. ಫೈಬರ್ ಬರುವುದು ಹಾಲಿನ ಮುಂದಿನ ಮೂಲೆಗೆ. ಮಗನ ರೂಮು ಮೇಲಿನ ಮಹಡಿಯ ಹಿಂದಿನ ಮೂಲೆ. ನಡುವೆ ಅಡುಗೆಮನೆ ಗೋಡೆ, ದೇವರಮನೆ ಗೋಡೆ, ಮೇಲೊಂದು ಆರ್‌ಸಿಸಿ ಸ್ಲ್ಯಾಬು. ವೈಫೈಗೆ ಇದಕ್ಕಿಂತ ಕೆಟ್ಟ ದಾರಿ ಹುಡುಕಿದರೂ ಸಿಗಲ್ಲ.

ಮೊದಲು ಸಿ6. ಇದೂ ಎಸಿ 1200, ಅದೇ 300, ಅದೇ 867. ಆದರೆ ಐದೂ ಪೋರ್ಟು ಗಿಗಾಬಿಟ್, ಅಂದರೆ 1000 ಎಂಬಿಪಿಎಸ್. ಉತ್ಸಾಹದಿಂದ ಜೋಡಿಸಿ ಟೆಸ್ಟ್ ಒತ್ತಿದೆ. 94!

ಅರ್ಧ ಗಂಟೆ ರೂಟರಿಗೆ ಬೈದೆ. ರೀಸೆಟ್ ಮಾಡಿದೆ. ಕೊನೆಗೆ ಕಣ್ಣು ಹೋಗಿದ್ದು ಕೇಬಲ್ ಮೇಲೆ. ಶೋಕೇಸಿನ ಡ್ರಾಯರಿನಲ್ಲಿ ಯಾವ ಕಾಲದಿಂದಲೋ ಬಿದ್ದಿದ್ದ ಬೂದು ಬಣ್ಣದ ಪ್ಯಾಚ್ ಕಾರ್ಡು. ಅದರ ತುದಿಯ ಪ್ಲಾಸ್ಟಿಕ್ ಪಿನ್ನನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಎಂಟು ತಂತಿ ಇರಬೇಕಾದ ಕಡೆ ನಾಲ್ಕೇ ಇದ್ದವು. ಕಿತ್ತಳೆಯ ಜೋಡಿ, ಹಸಿರಿನ ಜೋಡಿ, ಅಷ್ಟೇ. ನೀಲಿ, ಕಂದು ನಾಪತ್ತೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಹೊಸ ಕ್ಯಾಟ್ 6 ಕೇಬಲ್ ಹಾಕಿದ ಮೇಲೆ ಲ್ಯಾಪ್‌ಟಾಪಿಗೆ ನೇರ ವೈರಿನಲ್ಲಿ 512 ಬಂತು. ಹೊಸ ರೂಟರ್ ತಂದರೂ 94ರಲ್ಲೇ ನಿಂತಿರುವವರು ಮೊದಲು ಕೇಬಲ್ ತುದಿ ನೋಡಿ.

ಇನ್ನೊಂದು ಕೆಲಸವನ್ನೂ ಮೊದಲೇ ಮುಗಿಸಿಕೊಂಡೆ. ಕಂಪನಿಯ ಫೈಬರ್ ಬಾಕ್ಸನ್ನು ಬ್ರಿಡ್ಜ್ ಮೋಡಿಗೆ (ಬಂದದ್ದನ್ನು ಹಾಗೇ ದಾಟಿಸಿಬಿಡುವ ಸ್ಥಿತಿಗೆ) ಹಾಕಿಸಿ, ಕಂಪನಿಯ ಲೈನಿಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮು, ಪಾಸ್‌ವರ್ಡನ್ನು ನನ್ನ ರೂಟರಿನಲ್ಲೇ ಕೊಟ್ಟೆ. ಇಲ್ಲದಿದ್ದರೆ ಎರಡು ಪೆಟ್ಟಿಗೆಗಳೂ ರೂಟರ್ ಕೆಲಸ ಮಾಡುತ್ತಾ ಕೂರುತ್ತವೆ. ಇದಕ್ಕೆ ಕಸ್ಟಮರ್ ಕೇರಿಗೆ ಮೂರು ಸಲ ಫೋನ್ ಮಾಡಬೇಕಾಯಿತು. ಆ ಕಥೆ ಬೇಡ.

ಅಳತೆ ಮಾಡಿದ್ದು ರಾತ್ರಿ ಹತ್ತರ ಮೇಲೆ, ಅಮ್ಮನ ಸೀರಿಯಲ್ ಮುಗಿದ ನಂತರ. ಅದೇ ಲ್ಯಾಪ್‌ಟಾಪು, ಅದೇ ಮೂರು ಜಾಗ, ಒಂದೊಂದು ಕಡೆ ಐದು ಸಲ, ಎಲ್ಲವೂ 5 ಗಿಗಾಹರ್ಟ್ಸ್‌ನಲ್ಲಿ. ಹಾಲ್, ಅಡುಗೆಮನೆ, ಮಗನ ರೂಮು ಅನ್ನುವ ಸಾಲಿನಲ್ಲಿ, ಸರಾಸರಿ ಎಂಬಿಪಿಎಸ್ ಲೆಕ್ಕ ಹೀಗೆ ಬಂತು:

ಸಿ50: 92, 90, 70
ಸಿ6: 470, 265, 95
ಎಎಕ್ಸ್23: 508, 340, 150
ಆಸುಸ್ ಎಎಕ್ಸ್55: 510, 350, 160

ಕೊನೆಯ ಎರಡು ಸಾಲು ನೋಡಿ. ಎರಡರ ಡಬ್ಬಿ ಮೇಲೂ ಎಎಕ್ಸ್ 1800 ಅಂತಲೇ ಇದೆ. ಎಎಕ್ಸ್ ಅಂದರೆ ವೈಫೈ 6, ಎಸಿ ಅಂದರೆ ಅದಕ್ಕೂ ಹಿಂದಿನ ವೈಫೈ 5. 2.4ರಲ್ಲಿ 574, 5ರಲ್ಲಿ 1201. ಆದರೆ ಮುಚ್ಚಳ ತೆಗೆದರೆ ಒಳಗಿನ ಸಂಸಾರವೇ ಬೇರೆ. ಎಎಕ್ಸ್23ರಲ್ಲಿ ಇರುವುದು ಮೀಡಿಯಾಟೆಕ್‌ನ ಎಂಟಿ7621, 880 ಮೆಗಾಹರ್ಟ್ಸ್, ಎರಡು ಕೋರ್, 128 ಎಂಬಿ ರ‍್ಯಾಮ್. ತಮಾಷೆ ಅಂದರೆ ಸಿ6ನ ಮೂರನೇ ವರ್ಷನ್ನಿನಲ್ಲೂ ಇದೇ ಚಿಪ್ ಕುಟುಂಬ, ಇದೇ 128 ಎಂಬಿ. ಹಳೇ ಎಂಜಿನ್ನಿಗೆ ಹೊಸ ರೇಡಿಯೋ ಕೂರಿಸಿದ ಹಾಗೆ. ಆಸುಸ್‌ನಲ್ಲಿ 1.5 ಗಿಗಾಹರ್ಟ್ಸ್‌ನ ನಾಲ್ಕು ಕೋರ್, 256 ಎಂಬಿ ರ‍್ಯಾಮ್. ಸಾಮಾನು ಎದ್ದು ಕಾಣುವಷ್ಟು ದೊಡ್ಡದು.

ಹಾಗಾದರೆ ಮಗನ ರೂಮಿನಲ್ಲಿ ಬರೀ ಹತ್ತು ಜಾಸ್ತಿ ಯಾಕೆ? ಸ್ಲ್ಯಾಬಿಗೆ ಪ್ರೊಸೆಸರ್ ಕಟ್ಟಿಕೊಂಡು ಏನೂ ಆಗಬೇಕಿಲ್ಲ. ಗೋಡೆ ದಾಟುವುದು ರೇಡಿಯೋ. ಎರಡರಲ್ಲೂ ಎರಡು ಸ್ಟ್ರೀಮು (ಒಟ್ಟಿಗೇ ಓಡುವ ಡೇಟಾ ಸಾಲು), ಚಾನೆಲ್ಲು ಅನ್ನುವ ರೇಡಿಯೋ ದಾರಿ 80 ಮೆಗಾಹರ್ಟ್ಸ್ ಅಗಲ. ಎಷ್ಟು ಜೋರಾಗಿ ಕೂಗಬಹುದು ಅನ್ನುವುದಕ್ಕೆ ಸರ್ಕಾರದ ಮಿತಿ ಎಲ್ಲರಿಗೂ ಒಂದೇ. ಹೊರಗೆ ಕಾಣುವ ಆಂಟೆನಾ ನಾಲ್ಕಿದ್ದರೂ ಆರಿದ್ದರೂ ಫೋನಿನಲ್ಲಿರುವುದು ಎರಡೇ. ರೂಟರಿನ ಕೂಗು ಮೇಲಕ್ಕೆ ಕೇಳಿಸಿದರೂ ಫೋನಿನ ಪಿಸುಮಾತು ಕೆಳಗೆ ಕೇಳಿಸಬೇಕಲ್ಲ.

ಪ್ರೊಸೆಸರ್ ಎಲ್ಲಿ ಬೇಕಾಗುತ್ತೆ ಅಂದರೆ, ರೂಟರ್ ಪ್ರತಿ ಪ್ಯಾಕೆಟ್ಟನ್ನೂ ಬಿಚ್ಚಿ ನೋಡಬೇಕಾದಾಗ. ಸಾಮಾನ್ಯವಾಗಿ ಚಿಪ್ಪಿನೊಳಗೆ ಹಾರ್ಡ್‌ವೇರ್ ನ್ಯಾಟ್ ಅಂತ ಒಂದು ಅಡ್ಡದಾರಿ ಇರುತ್ತೆ. ಪ್ಯಾಕೆಟ್ಟುಗಳು ಪ್ರೊಸೆಸರಿನ ಮುಖ ನೋಡದೆ ಅದರಲ್ಲೇ ಓಡುತ್ತವೆ. ಅದಕ್ಕೇ 880 ಮೆಗಾಹರ್ಟ್ಸ್‌ನ ಪುಟ್ಟ ಚಿಪ್ಪೂ 500ನ್ನು ಸಲೀಸಾಗಿ ದಾಟಿಸಿತು. ಕ್ಯೂಒಎಸ್ (ಯಾರಿಗೆ ಎಷ್ಟು, ಯಾರಿಗೆ ಮೊದಲು ದಾರಿ ಅಂತ ಹಂಚುವ ವ್ಯವಸ್ಥೆ), ವಿಪಿಎನ್ ಸರ್ವರ್ (ಹೊರಗಿನಿಂದ ಮನೆ ನೆಟ್‌ವರ್ಕಿಗೆ ಗುಟ್ಟಿನ ದಾರಿ) ತರಹದ್ದು ಆನ್ ಮಾಡಿದರೆ ಆ ಅಡ್ಡದಾರಿ ಎಷ್ಟೋ ಸಲ ಬಂದ್ ಆಗುತ್ತೆ, ಎಲ್ಲಾ ಭಾರ ಪ್ರೊಸೆಸರಿನ ಮೇಲೆ. ನಮ್ಮಲ್ಲಿ ಇದು ಗೊತ್ತಾಗಿದ್ದು ಮಗನಿಂದ. ನಾನು ಆಫೀಸಿನ ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿದರೆ ಸಾಕು, ಮೇಲಿಂದ ಕೂಗು: "ಅಪ್ಪಾ, ಪಿಂಗ್ ನೂರು ದಾಟ್ತು!" ಪಿಂಗ್ ಅಂದರೆ ಒಂದು ಸಂದೇಶ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು. ಆಸುಸ್‌ನಲ್ಲಿ ಕ್ಯೂಒಎಸ್ ಹಾಕಿ ಅಪ್‌ಲೋಡಿಗೆ ಸ್ವಲ್ಪ ಕಡಿವಾಣ ಬಿಗಿದ ಮೇಲೆ ಆ ಕೂಗು ನಿಂತಿತು, ಡೌನ್‌ಲೋಡೂ ಬೀಳಲಿಲ್ಲ. ಆ ಹತ್ತು ದಿನದಲ್ಲಿ ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಮನೆಯಲ್ಲಿ ನಾಲ್ಕು ಜನ ವರ್ಕ್ ಫ್ರಂ ಹೋಮ್, ಜೊತೆಗೆ ವಿಪಿಎನ್ ಅಂದರೆ ಕಣ್ಣು ಮುಚ್ಚಿ ಆಸುಸ್ ತಗೊಳ್ಳಿ ಅನ್ನುತ್ತೇನೆ.

ಸಿ6 ಮತ್ತು ಎಎಕ್ಸ್23ರ ನಡುವಿನ ವ್ಯತ್ಯಾಸ ನಾನು ಅಂದುಕೊಂಡಿದ್ದಕ್ಕಿಂತ ಬೇರೆ ಕಡೆ ಸಿಕ್ಕಿತು. ಹಾಲಿನಲ್ಲಿ 470, 508 ಅನ್ನುವುದು ಯಾರಿಗೂ ಗೊತ್ತಾಗಲ್ಲ. ಟಿವಿಯಲ್ಲಿ 4ಕೆ ಸಿನಿಮಾಗೆ 25 ಎಂಬಿಪಿಎಸ್ ಸಾಕು. ಗೊತ್ತಾಗಿದ್ದು 2.4 ಗಿಗಾಹರ್ಟ್ಸ್‌ನಲ್ಲಿ. ವೈಫೈ 5 ಅನ್ನುವುದು 5 ಗಿಗಾಹರ್ಟ್ಸ್ ಬ್ಯಾಂಡಿಗೆ ಮಾತ್ರ ಮಾಡಿದ್ದು. ಎಸಿ ಅಂತ ಬರೆದ ರೂಟರ್ ಕೂಡ 2.4ರಲ್ಲಿ ಹಳೇ ವೈಫೈ 4ನ್ನೇ ಮಾತಾಡುತ್ತೆ. ವೈಫೈ 6 ಎರಡೂ ಬ್ಯಾಂಡಿಗೆ ಬಂತು. ಗೇಟಿನ ಹತ್ತಿರ ಬೈಕ್ ನಿಲ್ಲಿಸಿ ಫೋನ್ ನೋಡುವಾಗ 5 ಗಿಗಾಹರ್ಟ್ಸ್ ತಲುಪಲ್ಲ, 2.4ಕ್ಕೆ ಇಳಿಯುತ್ತೆ. ಅಲ್ಲಿ ಸಿ6ನಲ್ಲಿ 30ರ ಆಸುಪಾಸು ಇದ್ದದ್ದು ಎಎಕ್ಸ್23ರಲ್ಲಿ 50 ದಾಟಿತು. ನೆನಪಿರಲಿ, ಫೋನೂ ವೈಫೈ 6ರದ್ದೇ ಆಗಿರಬೇಕು. ಅಮ್ಮನ ಹಳೇ ಫೋನಿಗೆ ಎರಡರಲ್ಲೂ ಒಂದೇ.

ಎಎಕ್ಸ್ 3000 ಯಾಕೆ ನೋಡಲಿಲ್ಲ ಅಂತ ಗೆಳೆಯರು ಕೇಳಿದರು. ಅದರ 5 ಗಿಗಾಹರ್ಟ್ಸ್ ಬ್ಯಾಂಡಿನ 2402 ಬರುವುದು 160 ಮೆಗಾಹರ್ಟ್ಸ್ ಅಗಲದ ಚಾನೆಲ್ಲಿನಿಂದ. ನಮ್ಮನೆ ಫೋನುಗಳೆಲ್ಲ 80ಕ್ಕೆ ನಿಲ್ಲುವಂಥವು. ಅಷ್ಟು ಅಗಲ ಹರಡಬೇಕಾದರೆ ರೇಡಾರ್ ಬಳಸುವ ಚಾನೆಲ್ಲುಗಳಿಗೂ ಕಾಲು ಚಾಚಬೇಕು. ರೇಡಾರ್ ಸದ್ದು ಕೇಳಿದರೆ ರೂಟರ್ ಜಾಗ ಖಾಲಿ ಮಾಡಬೇಕು. ಲೈನೇ 500 ಇರುವಾಗ ಇಷ್ಟು ಪಾಡು ಸುಮ್ನೆ ಯಾಕೆ?

ಖರೀದಿಗೆ ಮುಂಚೆ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಕೂಡ ಓದಿಕೊಳ್ಳಿ. ಕರೆಂಟ್ ಹೋದಾಗ ಫೈಬರ್ ಬಾಕ್ಸು, ರೂಟರು ಎರಡನ್ನೂ ಒಂದೇ ಮಿನಿ ಯುಪಿಎಸ್‌ಗೆ ಸಿಕ್ಕಿಸುವ ಅಭ್ಯಾಸ ನಮ್ಮಲ್ಲಿ ಇದೆಯಲ್ಲ, ಎರಡರ ಆಂಪಿಯರ್ ಕೂಡಿಸಿ ಯುಪಿಎಸ್ ತಾಳುತ್ತಾ ನೋಡಬೇಕು.

ಕೊನೆಗೆ ನಾನು ಉಳಿಸಿಕೊಂಡಿದ್ದು ಎಎಕ್ಸ್23, ಕೆಳಗೆ ಹಾಲಿಗೆ. ಮಗನ ರೂಮಿಗೆ ಇನ್ನೂ ದೊಡ್ಡ ರೂಟರ್ ತರುವ ಯೋಚನೆ ಬಿಟ್ಟೆ. ಡಿಶ್ ಕೇಬಲ್ ಇಳಿಸಲು ಯಾವಾಗಲೋ ಕೊರೆದಿದ್ದ ತೂತಿನಲ್ಲೇ ಇಪ್ಪತ್ತು ಮೀಟರ್ ಕ್ಯಾಟ್ 6 ಎಳೆಸಿ, ಸಿ6ನ್ನು ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ, ಅಂದರೆ ಬರೀ ವೈಫೈ ಹಂಚುವ ಕೆಲಸಕ್ಕೆ, ಮೇಲೆ ಕೂರಿಸಿದೆ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ. ಚಾನೆಲ್ ಮಾತ್ರ ಕೆಳಗೆ 36, ಮೇಲೆ 149. ಎಲ್ಲಕ್ಕಿಂತ ದೊಡ್ಡ ಪ್ರೊಸೆಸರಿನ ರೂಟರ್ ಕೆಳಗಿದ್ದಾಗ 160 ಸಿಕ್ಕಿದ್ದ ರೂಮಿನಲ್ಲಿ ಈಗ 455 ಬರುತ್ತಿದೆ, ಅದೂ ಈ ಪಟ್ಟಿಯ ಹಳೇ ಎಸಿ 1200 ರೂಟರಿನಿಂದ.

ಸಿ50 ವಾಪಸ್ ಭಾಮೈದನ ಮನೆಗೆ ಹೋಯಿತು. ಅವನದು 100 ಎಂಬಿಪಿಎಸ್ ಪ್ಲಾನು. ಅಲ್ಲಿ ಅದು 94 ಕೊಡುತ್ತಾ ಆರಾಮಾಗಿದೆ.