ಕೂಸಿನ ಕಾಲಿಗೆ ಹುಟ್ಟುಪಟ್ಟಿ: ಈಗಲೇ ಆಪರೇಷನ್ನಾ, ಕಾಯೋದಾ?

ಗರ್ಭದಲ್ಲೇ ಕೈಗೋ ಕಾಲಿಗೋ ದಾರ ಬಿಗಿದ ಹಾಗೆ ಪಟ್ಟಿ ಬಿದ್ದು ಹುಟ್ಟುವ ಮಕ್ಕಳಿದ್ದಾರೆ. ಆಮ್ನಿಯಾಟಿಕ್ ಬ್ಯಾಂಡ್ ಅನ್ನುತ್ತಾರೆ. ತಾಯಿ ಏನೋ ತಪ್ಪು ಮಾಡಿದಳು ಅನ್ನೋದು ಸುಮ್ನೆ ಮಾತು, ನಂಬಬೇಡಿ.

ಪಟ್ಟಿ ಚರ್ಮದ ಮೇಲಷ್ಟೇ ಇದ್ದು, ಅದರ ಕೆಳಗೆ ಊತ ಇಲ್ಲದೆ, ಬೆರಳುಗಳು ಚೆನ್ನಾಗಿ ಆಡುತ್ತಿದ್ದರೆ ಕಾಯಬಹುದು. ಮಗು ಬೆಳೆದಷ್ಟೂ ಅರಿವಳಿಕೆಯ ಅಪಾಯ ಕಡಿಮೆ.

ಆದರೆ ನರ ಸಿಕ್ಕಿಕೊಂಡಿದ್ದರೆ ಲೆಕ್ಕವೇ ಬೇರೆ. ಕಾಲಿನಲ್ಲಿ ಪೆರೋನಿಯಲ್ ನರ ಒತ್ತಿದರೆ ಪಾದ ಮೇಲಕ್ಕೆ ಏಳುವುದಿಲ್ಲ, ತೋಳಿನಲ್ಲಿ ರೇಡಿಯಲ್ ನರ ಒತ್ತಿದರೆ ಮಣಿಕಟ್ಟು ಜೋತು ಬೀಳುತ್ತದೆ, ಮತ್ತೆ ಕೂಸು ಬಾಯಿಬಿಟ್ಟು ಹೇಳಲ್ಲ ಅಲ್ವಾ, ಅಂಗಾಲಿಗೆ ಕಚಗುಳಿ ಇಟ್ಟು ನೀವೇ ನೋಡಬೇಕು. ಇಂಥ ಕಡೆ ಬೇಗ ಬಿಡಿಸುವುದೇ ಮೇಲು ಅಂತ ನನ್ನ ಅಭಿಪ್ರಾಯ. ಹಾಗಂತ ನರ ಪೂರ್ತಿ ಮರಳುತ್ತದೆ ಅನ್ನೋ ಖಾತ್ರಿ ಇಲ್ಲ. ಪಟ್ಟಿಯ ಕೆಳಗಿನ ನರದ ತುಂಡೇ ಸತ್ತಿದ್ದರೆ ಬೇರೆ ಕಡೆಯ ನರ ತಂದು ಜೋಡಿಸಬೇಕಾಗಬಹುದು. ಜೊತೆಗೆ ಸೊಟ್ಟಪಾದವೂ ಇದ್ದರೆ, ನರ ಕೆಟ್ಟ ಪಾದಕ್ಕೆ ಪೊನ್ಸೆಟಿ ಪ್ಲಾಸ್ಟರ್ (ಪಾದವನ್ನು ಸ್ವಲ್ಪ ಸ್ವಲ್ಪವೇ ನೇರಕ್ಕೆ ತಿರುಗಿಸುತ್ತಾ ಮತ್ತೆ ಮತ್ತೆ ಹಾಕುವ ಪಟ್ಟು) ಅಷ್ಟು ಸಲೀಸಾಗಿ ಕೂರುವುದಿಲ್ಲ, ಮತ್ತೆ ಸೊಟ್ಟಗಾಗುವುದು ಜಾಸ್ತಿ.

ಇನ್ನು ಒಂದೇ ಸಲವಾ, ಎರಡು ಸಲವಾ? ಮೊದಲೆಲ್ಲ ರಕ್ತ ಓಡಾಟ ನಿಂತೀತು ಅನ್ನೋ ಭಯಕ್ಕೆ ಅರ್ಧ ಸುತ್ತು ಬಿಡಿಸಿ, ಕೆಲವು ವಾರ ಬಿಟ್ಟು ಇನ್ನರ್ಧ ಮಾಡುತ್ತಿದ್ದರು. ಈಗ ಝಡ್-ಪ್ಲಾಸ್ಟಿ (ಚರ್ಮವನ್ನು ಇಂಗ್ಲಿಷ್ Z ಆಕಾರದಲ್ಲಿ ಕೊಯ್ದು, ತುಂಡುಗಳನ್ನು ಅದಲುಬದಲು ಮಾಡಿ ಹೊಲಿಯುವುದು) ಹಾಕಿ ಒಂದೇ ಸಲಕ್ಕೆ ಮುಗಿಸುವವರು ಬಹಳ, ಅರಿವಳಿಕೆಯೂ ಒಂದೇ ಸಲ.

ಪಾದ ನೀಲಿಯಾದರೆ, ಊತ ಏರುತ್ತಿದ್ದರೆ ಈ ಹೋಲಿಕೆಯೇ ಬೇಡ. ಅವತ್ತೇ ಆಸ್ಪತ್ರೆಗೆ ಹೊರಡಿ.