ಮುದುಡುವ, ತಿರುಚುವ, ಕುಕ್ಕರಿಸುವ ಪದಗಳಿಗೆ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ

ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯುವುದು ಇಂಗ್ಲಿಷಿನಲ್ಲಿ ಸ್ಕ್ವಾಟ್. ಗೋಡೆ ಮರೆಯಲ್ಲಿ ಮಂಡಿ ಮಡಚಿ, ಮೈ ತಗ್ಗಿಸಿ ಅವಿತುಕೊಳ್ಳುವುದು ಕ್ರೌಚ್. ಸಮಾನಾರ್ಥಕ ಪದಗಳ ಪಟ್ಟಿ ಕೊಡುವ ತಾಣಗಳಲ್ಲಿ ಇವೆರಡೂ ಹಂಚ್, ಸ್ಟೂಪ್, ಕೌವರ್ ಜೊತೆ ಒಂದೇ ಸಾಲಿನಲ್ಲಿ ಬಿದ್ದಿರುತ್ತವೆ. ಅನುವಾದಕರು ಅದರಿಂದ ಒಂದನ್ನು ಹೆಕ್ಕಿಕೊಂಡರೆ ಪಾತ್ರೆ ತೊಳೆಯುವ ಅಜ್ಜಿ ಹೊಂಚು ಹಾಕಿದವಳಂತೆ ಕಾಣುತ್ತಾಳೆ.

ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿಯ ಉಚಿತ ಜಾಲತಾಣ ನೆರವಾಗುವುದು ಇಂಥ ಕಡೆ. 1948ರಲ್ಲಿ ಇದರ ಮೂಲ ಕೋಶ ಆಕ್ಸ್‌ಫರ್ಡ್‌ನಿಂದ ಬಂದಾಗಲೇ ಅದು ಇಂಗ್ಲಿಷ್ ಕಲಿಯುವವರಿಗೆಂದು ಮಾಡಿದ್ದು. ಅರ್ಥಗಳನ್ನು ಸುಲಭ ಪದಗಳಲ್ಲೇ ಹೇಳಬೇಕಾದ್ದರಿಂದ ಯಾವ ಅಂಗ ಹೇಗೆ ಬಾಗುತ್ತದೆ ಎಂಬುದನ್ನು ಬಿಡಿಸಿ ಹೇಳದೆ ವಿಧಿಯಿಲ್ಲ. ಸ್ಕ್ವಾಟ್‌ನಲ್ಲಿ ಭಾರ ಹಿಮ್ಮಡಿಯ ಮೇಲೆ. ಹಂಚ್‌ನಲ್ಲಿ ಕಾಲಿಗೆ ಕೆಲಸವಿಲ್ಲ, ಮೊಬೈಲ್ ನೋಡುವವರ ಹಾಗೆ ಬೆನ್ನು, ಭುಜ ಗೂನಾಗುತ್ತವೆ. ಸ್ಟೂಪ್ ಅಂದರೆ ತಗ್ಗು ಬಾಗಿಲು ದಾಟುವಾಗಿನ ಬಾಗುವಿಕೆ. ಕೌವರ್‌ನಲ್ಲಿ ಹೆದರಿಕೆ ಇರಲೇಬೇಕು.

ಮುಖದ ಪದಗಳಿಗೆ ಅರ್ಥ ಓದಿದರೆ ಸಾಲದು, ಉದಾಹರಣೆ ವಾಕ್ಯಗಳನ್ನೂ ಓದಬೇಕು. ಕಂಟಾರ್ಟ್ ಆಗುವ ಮುಖದಲ್ಲಿ ಸಾಮಾನ್ಯವಾಗಿ ನೋವೋ ಸಿಟ್ಟೋ ಇರುತ್ತದೆ. ಕ್ರಂಪಲ್ ಆದ ಮುಖ ಇನ್ನೇನು ಅಳುತ್ತದೆ. ಬಿಸಿಲಿಗೆ ಕಣ್ಣು ಮೂಗು ಒಟ್ಟು ಮಾಡಿ ಸಿಂಡರಿಸಿದರೆ ಸ್ಕ್ರಂಚ್. ಜಡೆಗೆ ಹಾಕುವ ಸುಕ್ಕುಸುಕ್ಕಾದ ಬಟ್ಟೆಯ ಸ್ಕ್ರಂಚಿ ಗೊತ್ತಿದ್ದವರಿಗೆ ಈ ಪದ ಮರೆಯುವುದಿಲ್ಲ.

ದೊಡ್ಡ ಕೊರತೆಯೆಂದರೆ ಅರ್ಥದಿಂದ ಪದಕ್ಕೆ ಹೋಗಲು ದಾರಿಯಿಲ್ಲ, ಕನ್ನಡ ಅರ್ಥವೂ ಇಲ್ಲ. ನಮ್ಮ 'ಹಿಂಡು' ಒಂದನ್ನೇ ತೆಗೆದುಕೊಳ್ಳಿ: ಒದ್ದೆ ಪಂಚೆ ತಿರುಚಿ ಹಿಂಡುವುದು ರಿಂಗ್ (wring), ನಿಂಬೆಹಣ್ಣು ಹಿಂಡುವುದು ಸ್ಕ್ವೀಜ್, ಹಸುವಿನ ಹಾಲು ಹಿಂಡುವುದು ಮಿಲ್ಕ್. ಈ ಕವಲುಗಳನ್ನು ಕೋಶ ತೋರಿಸುವುದಿಲ್ಲ. ಆದ್ದರಿಂದ ಮೊದಲು ಸಮಾನಾರ್ಥಕ ಪಟ್ಟಿಯಿಂದ ನಾಲ್ಕೈದು ಪದ ಆರಿಸಿಕೊಳ್ಳಿ. ಒಂದೊಂದನ್ನೂ ಇಲ್ಲಿ ಹುಡುಕಿ ಕರ್ತೃ ಯಾರು, ಕರ್ಮ ಏನು ನೋಡಿ. ನಿಮ್ಮ ವಾಕ್ಯದ ಕರ್ಮ ಯಾವ ಉದಾಹರಣೆಯಲ್ಲೂ ಸಿಗದಿದ್ದರೆ ಆ ಪದ ಬಿಟ್ಟುಬಿಡಿ.

ಎಡವುವ ಜಾಗ ಇನ್ನೊಂದಿದೆ. ಪುಟದ ಮೊದಲ ಅರ್ಥಕ್ಕೇ ನಿಲ್ಲಬೇಡಿ. ಮಳೆಗಾಲದಲ್ಲಿ ಬಾಗಿಲ ಹಲಗೆ ತೇವ ಕುಡಿದು ಸೊಟ್ಟಗಾಗುವುದು ವಾರ್ಪ್. ಅದೇ ಪದ ನಾಮಪದವಾಗಿ ಮಗ್ಗದ ಹತ್ತಿರ ಬಂದರೆ ನೇಕಾರರ 'ಹಾಸು', ಹೊಕ್ಕಿನ ಜೋಡಿ. ನೇಯ್ಗೆಯ ಲೇಖನದಲ್ಲಿ ಅದನ್ನು 'ಸೊಟ್ಟ' ಎಂದು ಅನುವಾದಿಸಿದರೆ ಇಡೀ ಪ್ಯಾರಾ ಕೆಟ್ಟಿತು. ಹಾಗೆಯೇ ಪಾದ ಟ್ವಿಸ್ಟ್ ಆಗುವುದು ಘಟನೆ, ಸ್ಪ್ರೇನ್ ಅದರಿಂದಾದ ಗಾಯ. ನಾವು ಎರಡಕ್ಕೂ 'ಉಳುಕಿತು' ಅನ್ನುತ್ತೇವೆ.

ಧ್ವನಿ ಸೌಲಭ್ಯ ಮಾತ್ರ ಬಹಳ ಚೆನ್ನಾಗಿದೆ: ನೀಲಿ ಗುರುತು ಬ್ರಿಟಿಷ್ ಉಚ್ಚಾರಣೆಗೆ, ಕೆಂಪು ಅಮೆರಿಕನ್‌ಗೆ. ಹಿಂಡುವ ರಿಂಗ್, ಜಗ್ಗಿ ತಿರುಚುವ ರೆಂಚ್, ಸುಕ್ಕಾಗುವ ರಿಂಕಲ್, ನೋವಿನಿಂದ ಹೊರಳಾಡುವ ರೈದ್, ಇವೆಲ್ಲ ಡಬ್ಲ್ಯು ಆರ್ ಅಕ್ಷರಗಳಿಂದ ಶುರುವಾಗುವ, ತಿರುಚುವಿಕೆಯ ನಂಟಿರುವ ಪದಗಳು. ಬರೆಯುವಾಗ ಡಬ್ಲ್ಯು ಬೇಕು, ಉಚ್ಚರಿಸುವಾಗ ಬೇಡ. ಒಮ್ಮೆ ಕೇಳಿದರೆ ಸಂಶಯ ಉಳಿಯುವುದಿಲ್ಲ. ಕ್ರಿಯಾರೂಪಗಳ ಪೆಟ್ಟಿಗೆಯನ್ನೂ ತೆರೆದು ನೋಡಿ. ಬಟ್ಟೆ ಹಿಂಡುವ ರಿಂಗ್‌ನ ಭೂತಕಾಲ ರಂಗ್. ಗಂಟೆ ಬಾರಿಸುವ ರಿಂಗ್‌ನ ಹಾಗೆ ರ‍್ಯಾಂಗ್ ಅಲ್ಲ.